ಮೆಲುಕು ಮತ್ತು ತುತ್ತು: ಪ್ರಾಣಿಗಳಲ್ಲಿಯೂ ಮಾನವರಲ್ಲಿಯೂ ಆಹಾರಸೇವನೆ ಹಾಗೂ ಪಚನಕ್ರಿಯೆ

ಪ್ರಸ್ತಾವನೆ

ಪಚನಕ್ರಿಯೆಯ ಪಾಠವನ್ನು ಸಾಮಾನ್ಯವಾಗಿ ಮಾನವ ದೇಹದ ಚಿತ್ರಪಟದಿಂದ ಆರಂಭಿಸುವುದು ರೂಢಿ. ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಹೆಸರುಗಳನ್ನು ಹೇಳಿಸಿ, ಆಮೇಲೆ ಒಂದೆರಡು ವಾಕ್ಯಗಳಲ್ಲಿ ಆಕಳಿನ ಮೆಲುಕನ್ನು ಮುಗಿಸಿಬಿಡುತ್ತೇವೆ. ಉಮರಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮಾತನಾಡುವ ಮಕ್ಕಳಿಗೆ ಈ ಕ್ರಮವನ್ನು ತಿರುಗಿಸಿ ಕಲಿಸುವುದು ಹೆಚ್ಚು ಪ್ರಯೋಜನಕರ. ಈ ಮಕ್ಕಳಲ್ಲಿ ಅನೇಕರು ಶಾಲೆಗೆ ಬರುವ ಮೊದಲು ದನಕ್ಕೆ ಮೇವು ಹಾಕಿ ಬಂದವರು, ಸಂಜೆ ಆಡುಗಳನ್ನು ಹೊಡೆದುಕೊಂಡು ಬರುವವರು. ತಮ್ಮ ಹೊಟ್ಟೆಯೊಳಗೆ ನಡೆಯುವುದನ್ನು ಅವರು ಕಂಡಿಲ್ಲ. ಆಕಳಿನ ದವಡೆ ಅಡ್ಡಡ್ಡ ಆಡುವುದನ್ನು ದಿನವೂ ಕಂಡಿದ್ದಾರೆ. ಕಂಡದ್ದರಿಂದ ಕಾಣದ್ದರ ಕಡೆಗೆ ಹೋಗುವುದೇ ವಿಜ್ಞಾನ ಬೋಧನೆಯ ಸಹಜ ದಾರಿ.

ಈ ಪ್ರದೇಶಕ್ಕೆ ಇನ್ನೊಂದು ವಿಶೇಷವಿದೆ. ದೇಶದ ಹೆಸರಾಂತ ಗೋತಳಿಗಳಲ್ಲಿ ಒಂದಾದ ದೇವಣಿಗೆ ಆ ಹೆಸರು ಬಂದಿರುವುದು ಲಾತೂರ ಜಿಲ್ಲೆಯ ದೇವಣಿ ಊರಿನಿಂದ. ಕಪ್ಪು ಮೈಯ ಉಸ್ಮಾನಾಬಾದಿ ಆಡು ಕೂಡ ಇದೇ ನೆಲದ್ದು. 1956ರ ರಾಜ್ಯ ಪುನರ್‌ವಿಂಗಡಣೆಗಿಂತ ಮೊದಲು ನಿಲಂಗಾ ಮತ್ತು ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಮುಂದೆ ಗಡಿ ಬದಲಾಯಿತು. ದೇವಣಿ ದನ ಮಾತ್ರ ಇಂದಿಗೂ ಗಡಿಯ ಎರಡೂ ಬದಿಯ ಹೊಲಗಳಲ್ಲಿ ದುಡಿಯುತ್ತದೆ, ಎರಡೂ ಬದಿಯ ಮನೆಗಳಲ್ಲಿ ಹಾಲು ಕೊಡುತ್ತದೆ. ಉದಗೀರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇವೆ. ಆದುದರಿಂದ ಈ ಪಾಠಕ್ಕೆ ಬೇಕಾದ ಬೋಧನ ಸಾಮಗ್ರಿಯನ್ನು ದೂರದಿಂದ ತರಬೇಕಾಗಿಲ್ಲ.

ಈ ಪಾಠವನ್ನು ಪರೀಕ್ಷೆಗಾಗಿ ಮಾತ್ರ ಕಲಿಸುವುದಲ್ಲ. ಎಳೆಯ ಜೋಳದ ಹೊಲಕ್ಕೆ ನುಗ್ಗಿದ ಆಕಳು ಗಂಟೆಯೊಳಗೆ ಸಾಯಬಹುದು. ರಾಶಿಯ ಕಣದಲ್ಲಿ ಕಾಳು ಮುಕ್ಕಿದ ಎತ್ತು ಎರಡು ದಿನದಲ್ಲಿ ಸಾಯಬಹುದು. ಭೇದಿಯಾದ ಕೂಸಿಗೆ ನೀರು ಕೊಡಬಾರದೆಂಬ ತಪ್ಪು ತಿಳಿವಳಿಕೆಯಿಂದ ಕೂಸೇ ಕೈಬಿಟ್ಟುಹೋಗಬಹುದು. ಈ ಮೂರೂ ನಷ್ಟಗಳ ಕಾರಣ ಪಚನಕ್ರಿಯೆಯ ಪಾಠದೊಳಗೇ ಇದೆ. ಕಾರಣ ತಿಳಿದ ಮಗು ಮನೆಗೆ ಹೋಗಿ ಅದನ್ನು ಹೇಳಬಲ್ಲದು.

ಪಾಠದ ಉದ್ದೇಶಗಳು

ಈ ಘಟಕವನ್ನು ಮುಗಿಸಿದ ಮೇಲೆ ವಿದ್ಯಾರ್ಥಿಯು,
1. ಆಹಾರಸೇವನೆಯ ಬಗೆಗಳನ್ನು ತನ್ನ ಸುತ್ತಲಿನ ಪ್ರಾಣಿಗಳ ಉದಾಹರಣೆಯೊಂದಿಗೆ ವಿವರಿಸುವನು.
2. ಪಚನವೆಂದರೆ ದೊಡ್ಡ ಅಣುಗಳನ್ನು ರಕ್ತ ಹೀರಿಕೊಳ್ಳಬಲ್ಲ ಚಿಕ್ಕ ಅಣುಗಳನ್ನಾಗಿ ಒಡೆಯುವ ಕ್ರಿಯೆ ಎಂಬುದನ್ನು ಹೇಳುವನು.
3. ಒಂದೇ ಜಠರವುಳ್ಳ ಮಾನವನಿಗೂ ನಾಲ್ಕು ಕೋಣೆಗಳ ಹೊಟ್ಟೆಯುಳ್ಳ ಆಕಳಿಗೂ ಇರುವ ವ್ಯತ್ಯಾಸದ ಕಾರಣವನ್ನು ತಿಳಿಸುವನು.
4. ಎಳೆಯ ಜೋಳ, ಕಾಳಿನ ಅತಿಸೇವನೆ, ಪ್ಲಾಸ್ಟಿಕ್ ಇವು ದನಗಳಿಗೆ ಏಕೆ ಅಪಾಯವೆಂಬುದನ್ನು ವಿವರಿಸುವನು.
5. ಭೇದಿಯಾದಾಗ ಸಕ್ಕರೆ ಉಪ್ಪಿನ ನೀರನ್ನು ಕ್ರಮಬದ್ಧವಾಗಿ ತಯಾರಿಸುವನು.

ಆಹಾರಸೇವನೆಯ ಬಗೆಗಳು

ಆಹಾರವನ್ನು ತೆಗೆದುಕೊಳ್ಳುವ ರೀತಿಗೂ ಆಹಾರದ ಸ್ವರೂಪಕ್ಕೂ ನೇರ ಸಂಬಂಧವಿದೆ. ಕೆರೆಯ ನೀರಿನಲ್ಲಿರುವ ಅಮೀಬಾಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಅದು ತನ್ನ ದೇಹವನ್ನೇ ಮಿಥ್ಯಾಪಾದಗಳಾಗಿ ಚಾಚಿ ಆಹಾರಕಣವನ್ನು ಸುತ್ತುವರಿದು ಒಳಗೆ ಸೇರಿಸಿಕೊಳ್ಳುತ್ತದೆ. ಕಣವನ್ನು ಸುತ್ತಿಕೊಂಡ ಚಿಕ್ಕ ಚೀಲವೇ ಅದರ ಪಚನಾಂಗ. ಚಿಟ್ಟೆ ಸುರುಳಿ ಸುತ್ತಿದ ನಳಿಕೆಯನ್ನು ಬಿಚ್ಚಿ ಹೂವಿನ ರಸ ಹೀರುತ್ತದೆ. ಹೆಣ್ಣು ಸೊಳ್ಳೆ ಚರ್ಮವನ್ನು ಚುಚ್ಚಿ ರಕ್ತ ಹೀರುತ್ತದೆ. ಹಲ್ಲಿ ಹುಳವನ್ನು ಹಿಡಿದು ನುಂಗುತ್ತದೆ.

ಅಂಗಳದ ಕೋಳಿಯನ್ನು ಗಮನಿಸಲು ಹೇಳಿರಿ. ಅದಕ್ಕೆ ಹಲ್ಲಿಲ್ಲ. ಆರಿಸಿದ ಕಾಳು ಮೊದಲು ಕುತ್ತಿಗೆಯ ಬುಡದ ಚೀಲದಲ್ಲಿ ನೆನೆಯುತ್ತದೆ, ಅನಂತರ ಗಟ್ಟಿ ಸ್ನಾಯುಗಳಿಂದಾದ ಕಲ್ಲುಹೊಟ್ಟೆಯನ್ನು ಸೇರುತ್ತದೆ. ಕೋಳಿ ಆಗಾಗ ಸಣ್ಣ ಹರಳುಗಳನ್ನು ನುಂಗುವುದು ಇದಕ್ಕಾಗಿಯೇ. ಆ ಹರಳುಗಳೇ ಅದರ ಬೀಸುವ ಕಲ್ಲು.

ಆಕಳಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿರುವುದಿಲ್ಲ. ಅಲ್ಲಿ ಗಟ್ಟಿಯಾದ ಒಸಡಿನ ದಿಂಡು ಇರುತ್ತದೆ. ಕೆಳಗೆ ಎಂಟು ಮುಂಹಲ್ಲುಗಳು. ಆಕಳು ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಕೆಳಹಲ್ಲಿಗೂ ದಿಂಡಿಗೂ ನಡುವೆ ಸಿಕ್ಕಿಸಿ ಹರಿಯುತ್ತದೆ. ಆಡಿಗೂ ಮೇಲಿನ ಮುಂಹಲ್ಲುಗಳಿಲ್ಲ. ಆದರೆ ಅದರ ತುಟಿ ಚುರುಕು. ಜಾಲಿಯ ಮುಳ್ಳುಗಳ ನಡುವಿನಿಂದ ಒಂದೊಂದೇ ಎಲೆಯನ್ನು ಆಯ್ದುಕೊಳ್ಳುತ್ತದೆ. ಬರಗಾಲದಲ್ಲಿ ಹುಲ್ಲು ಒಣಗಿ ಆಕಳು ಸೊರಗಿದಾಗಲೂ ಆಡು ಮುಳ್ಳುಗಂಟಿಗಳನ್ನು ಮೇಯ್ದು ಬದುಕಿಕೊಳ್ಳುವುದಕ್ಕೆ ಇದು ಒಂದು ಮುಖ್ಯ ಕಾರಣ.

ಮಾನವನ ಪಚನಕ್ರಿಯೆ: ರೊಟ್ಟಿಯ ಪ್ರಯಾಣ

ಜೋಳದ ರೊಟ್ಟಿ ಮತ್ತು ತೊಗರಿಬೇಳೆಯ ಊಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ರೊಟ್ಟಿಯಲ್ಲಿ ಹೆಚ್ಚಾಗಿ ಪಿಷ್ಟ, ಬೇಳೆಯಲ್ಲಿ ಹೆಚ್ಚಾಗಿ ಪ್ರೋಟೀನು, ಒಗ್ಗರಣೆಯಲ್ಲಿ ಕೊಬ್ಬು ಇವೆ. ಈ ಮೂರೂ ಬೇರೆ ಬೇರೆ ಸ್ಥಳಗಳಲ್ಲಿ ಒಡೆಯತೊಡಗುತ್ತವೆ ಎಂಬುದೇ ಈ ಭಾಗದ ಮುಖ್ಯ ವಿಚಾರ.

ಬಾಯಿಯಲ್ಲಿ ಹಲ್ಲುಗಳು ರೊಟ್ಟಿಯನ್ನು ಅರೆಯುತ್ತವೆ. ಲಾಲಾರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯಲು ತೊಡಗುತ್ತದೆ. ರೊಟ್ಟಿಯ ತುಣುಕನ್ನು ಬಹಳ ಹೊತ್ತು ಅಗಿದರೆ ಸಿಹಿಯೆನಿಸುವುದು ಇದರಿಂದಲೇ. ಅಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ಕೇವಲ ತನ್ನ ಭಾರದಿಂದ ಜಾರುವುದಿಲ್ಲ. ನಾಳದ ಸ್ನಾಯುಗಳು ಅಲೆಯಂತೆ ಕುಗ್ಗಿ ಹಿಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತವೆ. ಬಗ್ಗಿ ನೀರು ಕುಡಿಯುವ ದನದ ಗಂಟಲಲ್ಲಿ ನೀರು ಮೇಲಕ್ಕೇರುವುದೂ ಇಂತಹ ಅಲೆಯಿಂದಲೇ.

ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಸ್ರವಿಸುತ್ತವೆ. ಆಮ್ಲವು ಆಹಾರದೊಡನೆ ಬಂದ ರೋಗಾಣುಗಳಲ್ಲಿ ಬಹಳಷ್ಟನ್ನು ಕೊಲ್ಲುತ್ತದೆ. ಪೆಪ್ಸಿನ್ ಬೇಳೆಯ ಪ್ರೋಟೀನನ್ನು ಒಡೆಯಲಾರಂಭಿಸುತ್ತದೆ. ಜಠರದ ಕೆಲಸ ಕೇವಲ ಅರೆಯುವುದಲ್ಲ, ರಾಸಾಯನಿಕವೂ ಹೌದೆಂಬುದನ್ನು ಜಗತ್ತು ಒಂದು ಅಪಘಾತದ ಮೂಲಕ ಕಂಡಿತು. 1822ರ ಜೂನ್ ತಿಂಗಳಿನಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಗಾಯ ವಾಸಿಯಾಯಿತು, ಆದರೆ ಜಠರಕ್ಕೆ ಹೋಗುವ ರಂಧ್ರವೊಂದು ಹಾಗೆಯೇ ಉಳಿಯಿತು. ಚಿಕಿತ್ಸೆ ನೀಡಿದ ಸೇನಾವೈದ್ಯ ವಿಲಿಯಂ ಬೋಮಾಂಟ್ ರೇಷ್ಮೆ ದಾರಕ್ಕೆ ಕಟ್ಟಿದ ಆಹಾರದ ಚೂರುಗಳನ್ನು ಆ ರಂಧ್ರದಿಂದ ಇಳಿಬಿಟ್ಟು, ಹೊರತೆಗೆದು ನೋಡಿದನು. ಜಠರರಸವನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿ ಮಾಂಸವನ್ನು ಕರಗಿಸಿದನು. ಇನ್ನೂರಕ್ಕೂ ಹೆಚ್ಚು ಪ್ರಯೋಗಗಳ ಫಲವನ್ನು 1833ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಈ ಕಥೆಯನ್ನು ಹೇಳುವಾಗ ಶಿಕ್ಷಕರು ಒಂದು ಪ್ರಶ್ನೆಯನ್ನೂ ಕೇಳಬಹುದು: ಬಡ ಕೂಲಿಯಾಳಾಗಿದ್ದ ಸೇಂಟ್ ಮಾರ್ಟಿನ್‌ನ ದೇಹವನ್ನು ಹೀಗೆ ವರ್ಷಗಟ್ಟಲೆ ಪ್ರಯೋಗಕ್ಕೆ ಬಳಸಿದ್ದು ನ್ಯಾಯವೇ? ವಿಜ್ಞಾನದ ತರಗತಿಯಲ್ಲಿ ಇಂತಹ ಪ್ರಶ್ನೆಗೂ ಸ್ಥಾನವಿರಬೇಕು.

ಜಠರದಿಂದ ಹೊರಟ ಅರೆದ್ರವವು ಸಣ್ಣ ಕರುಳನ್ನು ಸೇರುತ್ತದೆ. ಅಲ್ಲಿ ಯಕೃತ್ತಿನ ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಚದರಿಸುತ್ತದೆ. ಮೇದೋಜೀರಕ ಗ್ರಂಥಿಯ ಕಿಣ್ವಗಳು ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಒಡೆಯುತ್ತವೆ. ಕೊನೆಗೆ ಪಿಷ್ಟ ಗ್ಲೂಕೋಸಾಗುತ್ತದೆ, ಪ್ರೋಟೀನು ಅಮೈನೋ ಆಮ್ಲಗಳಾಗುತ್ತದೆ, ಕೊಬ್ಬು ಕೊಬ್ಬಿನ ಆಮ್ಲ ಹಾಗೂ ಗ್ಲಿಸರಾಲ್ ಆಗುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಾಕಾರದ ಅಸಂಖ್ಯ ಸೂಕ್ಷ್ಮ ಮುಂಚಾಚುಗಳಿವೆ. ಇವುಗಳಿಂದಾಗಿ ಹೀರುವ ಮೇಲ್ಮೈ ಸುಮಾರು 30 ಚದರ ಮೀಟರ್ ಆಗುತ್ತದೆ, ಅಂದರೆ ಒಂದು ಚಿಕ್ಕ ತರಗತಿಯ ನೆಲದಷ್ಟು. ಉಳಿದದ್ದು ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಸೇರಿ, ನೀರನ್ನು ಕಳೆದುಕೊಂಡು ಮಲವಾಗುತ್ತದೆ.

ರೊಟ್ಟಿಗೆ ಬೇಳೆ ಏಕೆ ಜೊತೆಯಾಗಬೇಕು ಎಂಬುದನ್ನೂ ಇಲ್ಲಿಯೇ ಹೇಳಬಹುದು. ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದ ಕಟ್ಟಿದ ಗೋಡೆಗಳು. ಜೋಳದಲ್ಲಿ ಲೈಸಿನ್ ಎಂಬ ಇಟ್ಟಿಗೆ ಕಡಿಮೆ. ತೊಗರಿಯಲ್ಲಿ ಅದು ಸಾಕಷ್ಟಿದೆ. ತೊಗರಿಯಲ್ಲಿ ಮೆಥಿಯೋನಿನ್ ಕಡಿಮೆ. ಆ ಕೊರತೆಯನ್ನು ಜೋಳ ತುಂಬುತ್ತದೆ. ಒಂದೇ ಹೊಲದಲ್ಲಿ ಜೋಳದ ಸಾಲಿನ ಪಕ್ಕದಲ್ಲಿ ತೊಗರಿಯ ಸಾಲು ಹಾಕುತ್ತ ಬಂದ ರೈತನ ತಾಟಿನಲ್ಲಿಯೂ ಅವೆರಡು ಜೊತೆಯಾಗಿವೆ.

ಆಕಳಿನ ಹೊಟ್ಟೆ: ಒಂದು ಪ್ರಶ್ನೆಯಿಂದ ಆರಂಭ

ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿರಿ: “ಒಂದೇ ಜೋಳದ ಗಿಡ. ಕಾಳನ್ನು ನಾವು ಉಣ್ಣುತ್ತೇವೆ, ಕಣಿಕೆಯನ್ನು ದನ ತಿನ್ನುತ್ತದೆ. ಕಣಿಕೆಯನ್ನೂ ಬೀಸಿ ರೊಟ್ಟಿ ಮಾಡಿದರೆ ನಮಗೆ ಶಕ್ತಿ ಬರುವುದೇ?” ಮಕ್ಕಳು ನಗಬಹುದು. ಆದರೆ ಉತ್ತರ ಗಂಭೀರವಾದದ್ದು. ಕಾಳಿನ ಪಿಷ್ಟವೂ ಕಣಿಕೆಯ ಸೆಲ್ಯುಲೋಸೂ ಗ್ಲೂಕೋಸಿನ ಕೊಂಡಿಗಳಿಂದಲೇ ಆದ ಸರಪಳಿಗಳು. ಕೊಂಡಿಯನ್ನು ಕೊಂಡಿಗೆ ಸೇರಿಸಿದ ರೀತಿ ಮಾತ್ರ ಬೇರೆ. ಪಿಷ್ಟದ ಬೀಗಕ್ಕೆ ಬೇಕಾದ ಕೀಲಿ ನಮ್ಮ ಲಾಲಾರಸದಲ್ಲಿದೆ. ಸೆಲ್ಯುಲೋಸಿನ ಬೀಗಕ್ಕೆ ಬೇಕಾದ ಕೀಲಿ ನಮ್ಮಲ್ಲಿಲ್ಲ. ಆಶ್ಚರ್ಯದ ಸಂಗತಿಯೆಂದರೆ ಆ ಕೀಲಿ ಆಕಳಿನಲ್ಲಿಯೂ ಇಲ್ಲ. ಅದು ಇರುವುದು ಆಕಳಿನ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಬಳಿ.

ಆಕಳಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯದು ರೂಮೆನ್, ಅಂದರೆ ದೊಡ್ಡ ಹೊಟ್ಟೆ. ಬೆಳೆದ ದೊಡ್ಡ ಆಕಳಲ್ಲಿ ಇದು 100 ಲೀಟರಿಗಿಂತಲೂ ಹೆಚ್ಚು ಹಿಡಿಯುತ್ತದೆ. ಇದರ ಪ್ರತಿ ಮಿಲಿಲೀಟರ್ ದ್ರವದಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಜೊತೆಗೆ ಏಕಕೋಶ ಪ್ರಾಣಿಗಳೂ ಶಿಲೀಂಧ್ರಗಳೂ ಇರುತ್ತವೆ. ಎರಡನೆಯದು ಜೇನುಹಟ್ಟಿಯಂತಹ ಒಳಮೈಯುಳ್ಳ ಜಾಲಹೊಟ್ಟೆ. ಮೂರನೆಯದು ಪುಸ್ತಕದ ಹಾಳೆಗಳಂತೆ ಮಡಿಕೆಗಳಿರುವ ಪದರಹೊಟ್ಟೆ. ಇದು ನೀರನ್ನು ಹೀರಿಕೊಳ್ಳುತ್ತದೆ. ನಾಲ್ಕನೆಯದು ನಿಜಜಠರ, ಆಮ್ಲವೂ ಪೆಪ್ಸಿನ್ನೂ ಇರುವ ಇದು ನಮ್ಮ ಜಠರದಂತೆಯೇ.

ಗೋದಲಿಯಲ್ಲಿ ಹಾಕಿದ ಮೇವನ್ನು ಆಕಳು ಅವಸರದಿಂದ ನುಂಗುತ್ತದೆ. ಆಮೇಲೆ ನೆರಳಿನಲ್ಲಿ ಮಲಗಿ, ನೆನೆದ ಮೇವನ್ನು ಉಂಡೆ ಉಂಡೆಯಾಗಿ ಬಾಯಿಗೆ ತಂದು ಮತ್ತೆ ಅಗಿಯುತ್ತದೆ. ಇದೇ ಮೆಲುಕು. ಆರೋಗ್ಯವಂತ ಆಕಳು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ಹೀಗೆ ಅಗಿಯುವಾಗ ದಿನಕ್ಕೆ ಸುಮಾರು 100 ಲೀಟರಿನಷ್ಟು ಜೊಲ್ಲು ಸುರಿಯುತ್ತದೆ. ಜೊಲ್ಲಿನಲ್ಲಿ ಅಡುಗೆ ಸೋಡದಂತಹ ಕ್ಷಾರವಿದ್ದು, ದೊಡ್ಡ ಹೊಟ್ಟೆಯಲ್ಲಿ ಹುಟ್ಟುವ ಆಮ್ಲವನ್ನು ತಗ್ಗಿಸುತ್ತದೆ. “ದನ ಮೆಲುಕು ಬಿಟ್ಟಿದೆ” ಎಂದೊಡನೆ ಹಿರಿಯರು ಆತಂಕಪಡುವುದು ಸರಿಯಾದ ವೈಜ್ಞಾನಿಕ ಅವಲೋಕನವೇ ಆಗಿದೆ.

ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಉಂಟುಮಾಡುತ್ತವೆ. ಇವು ದೊಡ್ಡ ಹೊಟ್ಟೆಯ ಗೋಡೆಯ ಮೂಲಕ ನೇರವಾಗಿ ರಕ್ತವನ್ನು ಸೇರುತ್ತವೆ. ಆಕಳಿಗೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಇವುಗಳಿಂದ. ಹುದುಗುವಾಗ ಹುಟ್ಟುವ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ತೇಗಿನ ಮೂಲಕ ಹೊರಬೀಳುತ್ತವೆ. ಕೆಲಸ ಮುಗಿಸಿದ ಸೂಕ್ಷ್ಮಜೀವಿಗಳು ಮೇವಿನೊಂದಿಗೆ ನಿಜಜಠರಕ್ಕೆ ಇಳಿದು ಅಲ್ಲಿ ತಾವೇ ಪಚನವಾಗುತ್ತವೆ. ಹೀಗೆ ಆಕಳು ಹುಲ್ಲನ್ನು ಸೂಕ್ಷ್ಮಜೀವಿಗಳಿಗೆ ಉಣಿಸಿ, ಆ ಸೂಕ್ಷ್ಮಜೀವಿಗಳನ್ನು ತಾನು ಉಣ್ಣುತ್ತದೆ. ಪ್ರೋಟೀನು ಬಹಳ ಕಡಿಮೆಯಿರುವ ಒಣ ಕಣಿಕೆಯನ್ನು ತಿಂದೂ ಅದು ಹಾಲು ಕೊಡಬಲ್ಲದ್ದರ ಗುಟ್ಟು ಇದರಲ್ಲಿದೆ.

ಹಾಲು ಕುಡಿಯುವ ಕರುವಿಗೆ ಈ ಏರ್ಪಾಡು ಇನ್ನೂ ಸಿದ್ಧವಾಗಿರುವುದಿಲ್ಲ. ಅದು ಕುಡಿದ ಹಾಲು ಒಂದು ಮಡಿಕೆಯ ಕಾಲುವೆಯ ಮೂಲಕ ದೊಡ್ಡ ಹೊಟ್ಟೆಯನ್ನು ತಪ್ಪಿಸಿ ನೇರವಾಗಿ ನಿಜಜಠರಕ್ಕೆ ಹೋಗುತ್ತದೆ. ಕರು ಹುಲ್ಲನ್ನು ಕಡಿಯಲು ಕಲಿತಂತೆ ದೊಡ್ಡ ಹೊಟ್ಟೆ ಬೆಳೆಯುತ್ತ ಹೋಗುತ್ತದೆ. ಕುದುರೆ ಮತ್ತು ಕತ್ತೆಗಳು ಹುಲ್ಲು ತಿಂದರೂ ಮೆಲುಕು ಹಾಕುವುದಿಲ್ಲ. ಅವುಗಳಲ್ಲಿ ಸೂಕ್ಷ್ಮಜೀವಿಗಳ ಮನೆ ಸಣ್ಣ ಕರುಳಿನ ಆಚೆ, ದೊಡ್ಡ ಕರುಳಿನ ಆರಂಭದಲ್ಲಿದೆ.

ಮೇವು ವಿಷವಾಗುವ ಸಂದರ್ಭಗಳು

ಮೊದಲನೆಯದು ಎಳೆಯ ಜೋಳ. ಮೊಣಕಾಲೆತ್ತರಕ್ಕಿಂತ ಕಡಿಮೆ ಇರುವ ಪೈರು, ಮಳೆ ತಪ್ಪಿ ಬಾಡಿ ನಿಂತ ಪೈರು, ಕೊಯ್ದ ಕೂಳೆಯಿಂದ ಮತ್ತೆ ಚಿಗುರಿದ ಕುಡಿ, ಇವುಗಳಲ್ಲಿ ಧುರಿನ್ ಎಂಬ ವಸ್ತು ಹೆಚ್ಚಾಗಿರುತ್ತದೆ. ದನ ಅದನ್ನು ಅಗಿದಾಗ ಗಿಡದ ಕಿಣ್ವಗಳೂ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳೂ ಧುರಿನ್ನನ್ನು ಒಡೆದು ಹೈಡ್ರೋಜನ್ ಸಯನೈಡ್ ಎಂಬ ವಿಷವನ್ನು ಬಿಡುಗಡೆ ಮಾಡುತ್ತವೆ. ಈ ವಿಷವು ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಪ್ರಾಣಿ ಉಸಿರುಗಟ್ಟಿ ಸಾಯುತ್ತದೆ. ಆದುದರಿಂದಲೇ ಅದರ ರಕ್ತ ಹೊಳೆಯುವ ಕೆಂಪಾಗಿರುತ್ತದೆ. ನಮ್ಮಂತಹ ಒಂದೇ ಜಠರದ ಪ್ರಾಣಿಗಳಲ್ಲಿ ಜಠರದ ಆಮ್ಲವು ಗಿಡದ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದರಿಂದ ವಿಷ ಇಷ್ಟು ಬೇಗ ಹುಟ್ಟುವುದಿಲ್ಲ. ಯಾವ ಏರ್ಪಾಡು ಆಕಳಿಗೆ ಕಣಿಕೆಯನ್ನು ಆಹಾರವಾಗಿಸಿತೋ ಅದೇ ಏರ್ಪಾಡು ಇಲ್ಲಿ ಅದಕ್ಕೆ ಮುಳುವಾಗುತ್ತದೆ. ಹೂಬಿಟ್ಟ ನಂತರ ಪೈರಿನಲ್ಲಿ ಈ ಅಪಾಯ ಬಹಳ ತಗ್ಗುತ್ತದೆ. ಚೆನ್ನಾಗಿ ಒಣಗಿಸಿದ ಕಣಿಕೆಯಲ್ಲಿ ವಿಷ ಆವಿಯಾಗಿ ಹೋಗಿರುತ್ತದೆ.

ಎರಡನೆಯದು ಕಾಳು. ಸುಗ್ಗಿಯಲ್ಲಿ ಹಗ್ಗ ಬಿಚ್ಚಿಕೊಂಡ ಎತ್ತು ರಾಶಿಗೆ ಬಾಯಿ ಹಾಕುತ್ತದೆ. ಮದುವೆ ಮನೆಯಲ್ಲಿ ಉಳಿದ ಅನ್ನ, ಬೂಂದಿಗಳನ್ನು ಪುಣ್ಯವೆಂದು ಆಕಳಿಗೆ ಸುರಿಯುವವರೂ ಇದ್ದಾರೆ. ಪಿಷ್ಟ ಒಮ್ಮೆಗೇ ಬಂದುಬಿದ್ದಾಗ ದೊಡ್ಡ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಉಂಟುಮಾಡುವ ಬ್ಯಾಕ್ಟೀರಿಯಾಗಳು ವಿಪರೀತ ಹೆಚ್ಚುತ್ತವೆ. ಸಾಮಾನ್ಯವಾಗಿ ಆರರಿಂದ ಏಳರ ನಡುವೆ ಇರುವ ಪಿಎಚ್ ಮೌಲ್ಯ ಐದಕ್ಕಿಂತ ಕೆಳಗಿಳಿಯುತ್ತದೆ. ಸೆಲ್ಯುಲೋಸ್ ಒಡೆಯುವ ಸೂಕ್ಷ್ಮಜೀವಿಗಳು ಸಾಯುತ್ತವೆ. ದೇಹದ ನೀರು ಹೊಟ್ಟೆಯೊಳಕ್ಕೆ ಸೆಳೆಯಲ್ಪಟ್ಟು ಪ್ರಾಣಿ ಒಣಗುತ್ತದೆ, ಮೆಲುಕು ನಿಲ್ಲುತ್ತದೆ, ಒಂದರಿಂದ ಮೂರು ದಿನಗಳಲ್ಲಿ ಸಾಯಬಹುದು. ಮೇವನ್ನು ಬದಲಿಸುವಾಗ ಸ್ವಲ್ಪ ಸ್ವಲ್ಪವಾಗಿ, ಹತ್ತು ಹದಿನೈದು ದಿನಗಳ ಅವಧಿಯಲ್ಲಿ ಬದಲಿಸಬೇಕೆನ್ನುವುದು ಇದಕ್ಕಾಗಿಯೇ. ಹೊಸ ಮೇವಿಗೆ ತಕ್ಕ ಸೂಕ್ಷ್ಮಜೀವಿಗಳು ಬೆಳೆಯಲು ಅಷ್ಟು ಕಾಲ ಬೇಕು. ಬರಗಾಲದಲ್ಲಿ ಮೇವಿನ ಛಾವಣಿಗೆ ದನಗಳನ್ನು ಒಯ್ದಾಗಲೂ ಈ ಮಾತು ಅನ್ವಯಿಸುತ್ತದೆ.

ಮೂರನೆಯದು ಮೇವೇ ಅಲ್ಲ. ನಾಲಗೆಯಿಂದ ಸುತ್ತಿ ನುಂಗುವ ಆಕಳು ತಂತಿ, ಮೊಳೆ, ಪ್ಲಾಸ್ಟಿಕ್ ಚೀಲಗಳನ್ನು ಬೇರ್ಪಡಿಸಲಾರದು. ಭಾರವಾದ ತಂತಿ ಜಾಲಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಕೋಣೆಯ ಮುಂದೆಯೇ ಹೃದಯವಿದೆ; ತಂತಿ ಅಲ್ಲಿಯವರೆಗೂ ಚುಚ್ಚಿಕೊಂಡು ಹೋಗಬಹುದು. ಪ್ಲಾಸ್ಟಿಕ್ ಕರಗದೆ ದೊಡ್ಡ ಹೊಟ್ಟೆಯಲ್ಲಿ ಗಂಟುಗಟ್ಟುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ಪ್ರಾಣಿ ಹಸಿವಿನಿಂದ ಸೊರಗುತ್ತದೆ.

ಈ ಮೂರರಲ್ಲಿ ಯಾವುದೇ ಆದರೂ ಮನೆಯ ಔಷಧವನ್ನು ಗೊಟ್ಟದಿಂದ ಸುರಿಯುತ್ತ ಕೂಡಬಾರದು. ಪ್ರಾಣಿಯನ್ನು ಆ ಹೊಲದಿಂದ ಅಥವಾ ರಾಶಿಯಿಂದ ದೂರ ತಂದು ಒಡನೆಯೇ ಪಶುವೈದ್ಯರನ್ನು ಕರೆಯಬೇಕು. ಸಂಚಾರಿ ಪಶುಚಿಕಿತ್ಸಾ ಸೇವೆಯ 1962 ಸಂಖ್ಯೆಯನ್ನು ಮಕ್ಕಳು ತಮ್ಮ ವಹಿಯಲ್ಲಿ ಬರೆದುಕೊಳ್ಳಲಿ. ಸಯನೈಡ್ ವಿಷಕ್ಕೆ ಸಕಾಲದಲ್ಲಿ ಕೊಟ್ಟ ಚುಚ್ಚುಮದ್ದು ಪ್ರಾಣ ಉಳಿಸಬಲ್ಲದು. ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಎಳ್ಳಮಾವಾಸ್ಯೆಯ ಅಂಬಲಿ

ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ಹೊಲದಲ್ಲಿ ಕೂಡಿ ಉಣ್ಣುವ ಹಬ್ಬ ಎಳ್ಳಮಾವಾಸ್ಯೆ. ಮರಾಠಿ ಮಾತನಾಡುವವರು ಇದನ್ನು ವೇಳ ಅಮಾವಾಸ್ಯಾ ಎನ್ನುತ್ತಾರೆ. ಅಂದು ಹಲವು ಕಾಳು, ತರಕಾರಿಗಳ ಭಜ್ಜಿಯೊಂದಿಗೆ ಅಂಬಲಿ ಇರಲೇಬೇಕು. ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಗಡಿಗೆಯಲ್ಲಿ ಹುಳಿಗೊಳಿಸಿದಾಗ ಅಲ್ಲಿಯೂ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳೇ ಕೆಲಸ ಮಾಡುತ್ತವೆ. ದನದ ಹೊಟ್ಟೆಯಲ್ಲಿ ಮಿತಿಮೀರಿದಾಗ ಕೊಲ್ಲುವ ಆಮ್ಲವೇ ಗಡಿಗೆಯಲ್ಲಿ ಅಂಬಲಿಗೆ ಹಿತವಾದ ಹುಳಿಯನ್ನು ಕೊಡುತ್ತದೆ, ಕೆಡಿಸುವ ಜೀವಿಗಳನ್ನು ದೂರವಿಡುತ್ತದೆ. ಆಕಳಿಗೆ ಹುದುಗುವ ಪಾತ್ರೆ ದೇಹದೊಳಗಿದೆ. ಮಾನವನು ಅದನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದಾನೆ. ಮೊಸರು, ಇಡ್ಲಿಯ ಹಿಟ್ಟು, ಅಂಬಲಿ ಇವೆಲ್ಲ ನಮ್ಮ ಪರವಾಗಿ ಸೂಕ್ಷ್ಮಜೀವಿಗಳು ಆರಂಭಿಸಿಕೊಟ್ಟ ಪಚನಕ್ರಿಯೆಯೆಂದು ಹೇಳಿದರೆ ಮಕ್ಕಳಿಗೆ ಎರಡೂ ಒಟ್ಟಿಗೆ ಅರ್ಥವಾಗುತ್ತವೆ.

ನೀರು ಮತ್ತು ಕರುಳು

2016ರ ಏಪ್ರಿಲ್ ತಿಂಗಳಿನಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ಮಕ್ಕಳ ತಂದೆತಾಯಿಗಳು ಮರೆತಿಲ್ಲ. ನೀರು ಕಡಿಮೆಯಾದಾಗ ಶುದ್ಧ ನೀರು ಇನ್ನೂ ಕಡಿಮೆಯಾಗುತ್ತದೆ, ಭೇದಿ ಹೆಚ್ಚುತ್ತದೆ. ಭೇದಿಯಲ್ಲಿ ಕರುಳು ನೀರನ್ನು ಹೀರುವುದಕ್ಕಿಂತ ಹೆಚ್ಚಾಗಿ ಹೊರಬಿಡುತ್ತದೆ. ಬರೀ ನೀರು ಕೊಟ್ಟರೆ ಸಾಲದು. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿದ್ದರೆ ಸಣ್ಣ ಕರುಳು ಎರಡನ್ನೂ ಒಟ್ಟಿಗೆ ಒಳಗೆ ಸೆಳೆಯುತ್ತದೆ, ಅವುಗಳ ಹಿಂದೆ ನೀರೂ ಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಇದೇ ತತ್ತ್ವದ ಮೇಲೆ ಸಕ್ಕರೆ ಉಪ್ಪಿನ ದ್ರಾವಣವನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಮನೆಯವರೇ ಅದನ್ನು ಕುಡಿಸಬಲ್ಲವರಾದರು.

ಅಳತೆ ಹೀಗೆ: ಕುದಿಸಿ ಆರಿಸಿದ ಒಂದು ಲೀಟರ್ ನೀರು, ಆರು ಮಟ್ಟಸ ಚಹಾ ಚಮಚೆ ಸಕ್ಕರೆ, ಅರ್ಧ ಮಟ್ಟಸ ಚಹಾ ಚಮಚೆ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಆದ್ದರಿಂದ ಚಮಚೆಯನ್ನು ತಲೆಯೆತ್ತರ ತುಂಬಬಾರದು. ಆರೋಗ್ಯ ಕೇಂದ್ರದ ಪೊಟ್ಟಣ ಸಿಕ್ಕರೆ ಅದೇ ಉತ್ತಮ. ಕೂಸು ಮಂಕಾಗಿ, ಕಣ್ಣು ಒಳಸೇರಿ, ಕುಡಿಯಲಾರದಂತಾದರೆ ಕೂಡಲೇ ದವಾಖಾನೆಗೆ ಒಯ್ಯಬೇಕು.

ಪಾರಿಭಾಷಿಕ ಪದಗಳ ಬಗ್ಗೆ ಸೂಚನೆ

ನಮ್ಮ ಮಕ್ಕಳು ಮನೆಯಲ್ಲಿ ಒಂದು ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ, ಪೇಟೆಯಲ್ಲಿ ಮರಾಠಿ ಬಳಸುತ್ತಾರೆ. ಜಠರ, ಪಿತ್ತರಸ, ಪಚನ ಎಂಬ ಪದಗಳು ಎರಡೂ ಭಾಷೆಗಳಲ್ಲಿ ಒಂದೇ. ಇವುಗಳಿಂದ ಆರಂಭಿಸುವುದು ಸುಲಭ. ಮೇವಿಗೆ ಚಾರಾ, ಕಣಿಕೆಗೆ ಕಡಬಾ, ಮೆಲುಕಿಗೆ ರವಂಥ, ಕರುಳಿಗೆ ಆತಡೆ, ಮೇದೋಜೀರಕ ಗ್ರಂಥಿಗೆ ಸ್ವಾದುಪಿಂಡ ಎಂಬ ಮರಾಠಿ ಪದಗಳನ್ನು ಫಲಕದ ಮೇಲೆ ಪಕ್ಕಪಕ್ಕದಲ್ಲಿ ಬರೆಯಿರಿ. ಒಂದು ಕಡೆ ಮಾತ್ರ ಎಚ್ಚರ ಬೇಕು. ಕನ್ನಡದಲ್ಲಿ ಕಿಣ್ವವೆಂದರೆ ಆಹಾರವನ್ನು ಒಡೆಯುವ ಅಮೈಲೇಸ್, ಪೆಪ್ಸಿನ್ ಮುಂತಾದ ವಸ್ತು. ಮರಾಠಿಯಲ್ಲಿ ಅದಕ್ಕೆ ವಿಕರ ಎನ್ನುತ್ತಾರೆ. ಕಿಣ್ವನ ಎಂದರೆ ಹುದುಗುವಿಕೆ. ಮುಂದೆ ಮರಾಠಿ ಮಾಧ್ಯಮಕ್ಕೆ ಹೋಗುವ ಮಗು ಇಲ್ಲಿ ಗೊಂದಲಗೊಳ್ಳುವ ಸಂಭವವಿದೆ. ಪದ ಬೇರೆಯಾದರೂ ಕ್ರಿಯೆ ಒಂದೇ ಎಂಬುದು ಮನದಟ್ಟಾದರೆ ಆ ಮಗು ಎರಡು ಭಾಷೆಗಳಲ್ಲಿಯೂ ವಿಜ್ಞಾನವನ್ನು ಹೇಳಬಲ್ಲದು.

ಚಟುವಟಿಕೆಗಳು

1. ಮೆಲುಕಿನ ಎಣಿಕೆ: ಮನೆಯ ಅಥವಾ ನೆರೆಯವರ ಆಕಳು ಮಲಗಿ ಮೆಲುಕು ಹಾಕುವಾಗ ದೂರದಿಂದ ಗಮನಿಸಲಿ. ಉಂಡೆಯೊಂದು ಗಂಟಲಲ್ಲಿ ಮೇಲೇರುವುದನ್ನು ಕಂಡೊಡನೆ ಎಣಿಕೆ ಆರಂಭಿಸಿ, ನುಂಗುವವರೆಗೆ ಎಷ್ಟು ಬಾರಿ ಅಗಿಯಿತೆಂದು ಬರೆದುಕೊಳ್ಳಲಿ. ಐದು ಉಂಡೆಗಳ ಸರಾಸರಿ ತೆಗೆದು ತರಗತಿಯಲ್ಲಿ ಹೋಲಿಸಲಿ. ಒಣ ಕಣಿಕೆ ತಿಂದ ದಿನಕ್ಕೂ ಹಸಿ ಮೇವು ತಿಂದ ದಿನಕ್ಕೂ ವ್ಯತ್ಯಾಸವಿದೆಯೇ ಎಂದು ನೋಡಲಿ.

2. ಪಿಷ್ಟದ ಪರೀಕ್ಷೆ: ತೆಳುವಾದ ಜೋಳದ ಗಂಜಿಯನ್ನು ಆರಿಸಿ ಎರಡು ಪ್ರನಾಳಗಳಲ್ಲಿ ತೆಗೆದುಕೊಳ್ಳಬೇಕು. ಒಂದಕ್ಕೆ ವಿದ್ಯಾರ್ಥಿ ತನ್ನ ಲಾಲಾರಸವನ್ನು ಸೇರಿಸಲಿ. ಎರಡನ್ನೂ ಉಗುರು ಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಇಟ್ಟು, ಒಂದೊಂದು ಹನಿ ಅಯೋಡಿನ್ ಹಾಕಬೇಕು. ಲಾಲಾರಸವಿಲ್ಲದ ಪ್ರನಾಳದಲ್ಲಿ ಗಾಢ ನೀಲಿ ಬಣ್ಣ ಬರುತ್ತದೆ. ಇನ್ನೊಂದರಲ್ಲಿ ಬಣ್ಣ ಮಸುಕಾಗಿರುತ್ತದೆ. ಒಬ್ಬರು ಬಳಸಿದ ಪ್ರನಾಳವನ್ನು ಇನ್ನೊಬ್ಬರು ತೊಳೆಯದೆ ಮುಟ್ಟಬಾರದು.

3. ಹಿರಿಯರ ಮಾತು: ಜೋಳದ ಹೊಲಕ್ಕೆ ದನಗಳನ್ನು ಯಾವಾಗ ಬಿಡಬಾರದೆಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲಿ. ಎಳೆಯ ಜೋಳದ ವಿಷಬಾಧೆಗೆ ತಮ್ಮೂರಲ್ಲಿ ಏನೆನ್ನುತ್ತಾರೆಂಬುದನ್ನೂ ಕೇಳಲಿ. ಅವರ ಅನುಭವದಲ್ಲಿ ಪಾಠದ ಯಾವ ಕಾರಣ ಅಡಗಿದೆಯೆಂದು ತರಗತಿಯಲ್ಲಿ ಚರ್ಚಿಸಿರಿ.

4. ಶಾಲೆಯ ಕಸ: ಒಂದು ವಾರ ಶಾಲೆಯ ಆವರಣದಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲ, ತಂತಿ, ಮೊಳೆಗಳನ್ನು ಬೇರೆಬೇರೆಯಾಗಿ ಸಂಗ್ರಹಿಸಿ ತೂಗಲಿ. ಮಧ್ಯಾಹ್ನದ ಊಟದಲ್ಲಿ ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವುದನ್ನು ನಿಲ್ಲಿಸಲು ತರಗತಿಯೇ ಒಂದು ನಿಯಮವನ್ನು ರೂಪಿಸಲಿ.

ಮೌಲ್ಯಮಾಪನ

1. ಪಿಷ್ಟವೂ ಸೆಲ್ಯುಲೋಸೂ ಗ್ಲೂಕೋಸಿನಿಂದಲೇ ಆಗಿದ್ದರೂ ನಾವು ಒಂದನ್ನು ಮಾತ್ರ ಪಚನ ಮಾಡಬಲ್ಲೆವು. ಕಾರಣ ಕೊಡಿರಿ.
2. ಆಕಳು, ಕೋಳಿ, ಕತ್ತೆ, ಮಾನವ ಇವರಲ್ಲಿ ಆಹಾರ ನುಣುಪಾಗುವ ಸ್ಥಳವನ್ನೂ ಸೂಕ್ಷ್ಮಜೀವಿಗಳು ಹೆಚ್ಚಾಗಿ ವಾಸಿಸುವ ಸ್ಥಳವನ್ನೂ ಕೋಷ್ಟಕದಲ್ಲಿ ಬರೆಯಿರಿ.
3. ಮಳೆ ತಡವಾಗಿ ಜೋಳದ ಪೈರು ಬಾಡಿ ನಿಂತಿದೆ. ಮೇವು ಇಲ್ಲವೆಂದು ನೆರೆಯವರು ದನಗಳನ್ನು ಅಲ್ಲಿಗೆ ಬಿಡಲು ಹೊರಟಿದ್ದಾರೆ. ನೀವು ಅವರಿಗೆ ಏನು ಹೇಳುವಿರಿ? ಏಕೆ?
4. ಕೂಸಿಗೆ ಭೇದಿಯಾದಾಗ ನೀರಿನೊಡನೆ ಸಕ್ಕರೆ, ಉಪ್ಪು ಎರಡೂ ಏಕೆ ಬೇಕು?
5. “ಆಕಳು ಒಂಟಿಯಾಗಿ ಉಣ್ಣುವುದಿಲ್ಲ.” ಈ ಹೇಳಿಕೆಯನ್ನು ವಿವರಿಸಿರಿ.

ಮೂರನೆಯ ಪ್ರಶ್ನೆಗೆ ಮಕ್ಕಳು ಪುಸ್ತಕದ ವಾಕ್ಯವನ್ನು ಒಪ್ಪಿಸಿದರೆ ಸಾಕೆಂದು ತಿಳಿಯಬಾರದು. ಮೇವಿಲ್ಲದ ರೈತನಿಗೆ “ಬಿಡಬೇಡಿ” ಎಂದಷ್ಟೇ ಹೇಳುವುದು ಉತ್ತರವಾಗದು. ಪೈರನ್ನು ಕೊಯ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮೊದಲು ಬೇರೆ ಒಣಮೇವನ್ನು ತಿನ್ನಿಸಿ, ಅನಂತರ ಸ್ವಲ್ಪವೇ ಕೊಡುವ ಮಾರ್ಗವನ್ನೂ, ಸಂದೇಹವಿದ್ದರೆ ಪಶುವೈದ್ಯರನ್ನು ಮೊದಲೇ ಕೇಳುವ ಮಾರ್ಗವನ್ನೂ ಮಗು ಸೂಚಿಸಬೇಕು. ಅಂತಹ ಉತ್ತರವನ್ನು ತಪ್ಪಿಲ್ಲದ ಕನ್ನಡದಲ್ಲಾಗಲಿ, ಮನೆಯ ಆಡುಮಾತಿನಲ್ಲಾಗಲಿ ಹೇಳಿದ ವಿದ್ಯಾರ್ಥಿಗೆ ಪೂರ್ಣ ಗುಣಗಳನ್ನು ಕೊಡಬೇಕು.